ಸಾಫ್ಟ್‌ವೇರ್ ಹುಡುಕಿಕೊಟ್ಟ ಸಂಬಂಧಿಕರು

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ನಗು ಬಂದರೆ ನಕ್ಕುಬಿಡಿ, ಆದರೆ ಅರ್ಧಕ್ಕೆ ಬಿಡಬೇಡಿ.

ರಾಣೆಬೆನ್ನೂರಿನಲ್ಲಿ ಮೃತ್ಯುಂಜಯಪ್ಪ ಎಂಬ ಸಾಹುಕಾರರು. ತರಕಾರಿ ಬೀಜದ ಪ್ರೈವೇಟ್ ಲಿಮಿಟೆಡ್ ಕಂಪನಿ ಅವರದು.

ಆ ವರ್ಷ ಕಂಪನಿಗಳಿಗೆ ಇನ್‌ಕಮ್ ಟ್ಯಾಕ್ಸಿನ ಹೊಸ ನಿಯಮ ಬಂತು... ಮಾಲೀಕರ ಸಂಬಂಧಿಕರಲ್ಲಿ ಯಾರ್ಯಾರಿಗೆ ಕಂಪನಿಯಿಂದ ಹಣ ಹೋಗಿದೆ, ಎಲ್ಲವನ್ನೂ ಹೆಸರು ಸಮೇತ ತಿಳಿಸಬೇಕು.

ಸಾಹುಕಾರರು ಹೆದರುವ ಪೈಕಿ ಅಲ್ಲ. ಒಂದು ಎಐ ಸಾಫ್ಟ್‌ವೇರ್ ಕೊಂಡೇಬಿಟ್ಟರು.

"ಆಫೀಸಿನ ಕಂಪ್ಯೂಟರಿನ್ಯಾಗ ಇರೋ ಒಂದೊಂದು ಕಾಗದಾನೂ ಇದು ಓದತೈತ್ರೀ ಮೇಡಂ. ನೀವು ಚಾ ಕುಡಿಯೂದ್ರಾಗ ಕೆಲಸ ಮುಗೀತೈತಿ" ಎಂದು ಆಡಿಟರ್ ಮೇಡಂ ಮುಂದೆ ಮೀಸೆ ತಿರುವಿದರು.

ಅದು ಕೊನೆಯ ದಿನ. ಸಂಜೆಯೊಳಗೆ ರಿಪೋರ್ಟ್ ಹೋಗಬೇಕು, ಇಲ್ಲದಿದ್ದರೆ ದಂಡ. ಬಟನ್ ಒತ್ತಿದರು... ಚಹಾ ಮುಗಿಯುವ ಮೊದಲೇ ಉತ್ತರ ಬಂತು.

"ಈ ಕಂಪನಿಯಲ್ಲಿ ಮಾಲೀಕರ ಸಂಬಂಧಿಕರು: ನಲವತ್ತೊಂದು ಮಂದಿ."

ಮೇಡಂ ಕಪ್ ಕೆಳಗಿಟ್ಟರು. ಬೀಜ ಹಸನು ಮಾಡುವ ಹೆಂಗಸರು, ಲಾರಿ ಡ್ರೈವರ್‌ಗಳು, ಕೊನೆಗೆ ವಾಚ್‌ಮನ್ ಖಾದರಸಾಬ್ ಕೂಡ ಸಾಹುಕಾರರ ಬಳಗ!

"ಇಷ್ಟೊಂದು ಬಂಧುಗಳಾ ಸರ್ ನಿಮಗೆ?"

"ನನಗೂ ಈಗ ಗೊತ್ತಾತ್ರೀ..." ಎಂದರು ಸಾಹುಕಾರರು, ಬೆವರು ಒರೆಸಿಕೊಳ್ಳುತ್ತ.

ಆಗಿದ್ದಿಷ್ಟೇ. ಮದುವೆಗೆ ರಜೆ ಕೇಳುವಾಗ ನಮ್ಮವರು ಅರ್ಜಿಯ ಜೊತೆ ಲಗ್ನಪತ್ರಿಕೆ ಇಟ್ಟೇ ಇಡುತ್ತಾರೆ; ಅವೆಲ್ಲ ಸ್ಕ್ಯಾನ್ ಆಗಿ ಆಫೀಸಿನ ಕಂಪ್ಯೂಟರ್ ಸೇರಿದ್ದವು. ಕಂಪನಿಯಲ್ಲಿ ಯಾರ ಮನೆಯ ಮದುವೆಯಾದರೂ ಪತ್ರಿಕೆಯ ಕೆಳಗೆ ಸಾಹುಕಾರರ ಹೆಸರು ಇರಲೇಬೇಕು... ಒಂದರಲ್ಲಿ ದೊಡ್ಡಪ್ಪ, ಇನ್ನೊಂದರಲ್ಲಿ ಸೋದರಮಾವ, ಮತ್ತೊಂದರಲ್ಲಿ ವರನ ಅಜ್ಜ!

ಪಾಪ, ಸಾಫ್ಟ್‌ವೇರ್ ಎಲ್ಲವನ್ನೂ ಶ್ರದ್ಧೆಯಿಂದ ಓದಿ, ನಂಬಿಬಿಟ್ಟಿತ್ತು.

"ಅದಿರಲಿ ಸರ್... ನಿಮ್ಮ ಸ್ವಂತ ತಮ್ಮ ಶಿವಯೋಗಿ ಮ್ಯಾನೇಜರ್ ಅಂತ ಸಂಬಳ ತಗೋತಾರಲ್ಲ, ಅವರ ಹೆಸರೇ ಇಲ್ಲ ಇದರಲ್ಲಿ!"

ಹೇಗಿರುತ್ತದೆ? ಕೆಲಸಕ್ಕೇ ಬರದವನು ರಜೆ ಅರ್ಜಿ ಯಾಕೆ ಕೊಟ್ಟಾನು?

ತಮ್ಮನ ಹೆಸರನ್ನು ಕೈಯಿಂದ ಸೇರಿಸುವುದು, ಉಳಿದವರಿಂದ ಒಂದೊಂದು ಕಾಗದಕ್ಕೆ ಸಹಿ ಪಡೆದು ಅವರ ಹೆಸರು ತೆಗೆಯುವುದು ಎಂದು ತೀರ್ಮಾನವಾಯಿತು. ತಮ್ಮನಿಗೆ ಒಂದು ಮೆಸೇಜ್ ಕೂಡ ಹೋಯಿತು.

ಕಾಗದದಲ್ಲಿದ್ದದ್ದು ಒಂದೇ ಸಾಲು... "ಮಾಲೀಕರಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ."

ಪ್ಯಾಕಿಂಗ್ ಹಾಲಿನಲ್ಲಿ ಎಲ್ಲರೂ ಸಾಲಾಗಿ ನಿಂತು ನಗುನಗುತ್ತ ಸಹಿ ಹಾಕಿದರು. ದಸರಾ ಹತ್ತಿರ ಬಂದಿತ್ತು ನೋಡಿ, ಬೋನಸ್ ಕಾಗದ ಎಂದುಕೊಂಡು ಯಾರೂ ಓದಲೇ ಇಲ್ಲ.

ಓದಿದ್ದು ಹಾಲವ್ವ ಒಬ್ಬಳೇ. ಬೀಜ ಹಸನು ಮಾಡುವವರಲ್ಲಿ ಎಲ್ಲರಿಗಿಂತ ಹಿರಿಯಳು. ಕನ್ನಡಕ ಏರಿಸಿ, ಇಡೀ ಹಾಲಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಪೆನ್ನು ಕೆಳಗಿಟ್ಟಳು.

"ನಾ ಸಹಿ ಹಾಕೂದಿಲ್ರೀ."

"ಸರ್ಕಾರದ ಕಾಗದ ಐತಿ ಹಾಲವ್ವಾ, ಟೈಮಿಲ್ಲ! ಸುಮ್ನ ಹಾಕು!" ಎಂದು ಗದರಿದರು ಸಾಹುಕಾರರು.

"ನನಗ ಒಡಹುಟ್ಟಿದವರಿಲ್ಲ ಅಂತ, ನನ್ನ ಮಗಳ ಮದುವ್ಯಾಗ ಸೋದರಮಾವ ಆಗಿ ಆಕಿ ಕೈ ಹಿಡದು ಹಂದರಕ್ಕ ಕರಕೊಂಡು ಬಂದಾವ್ರು ನೀವು. ಊರ ಮಂದಿ ಎಲ್ಲಾ ನೋಡ್ಯಾರ. ಇವತ್ತ ಸಂಬಂಧ ಇಲ್ಲ ಅಂತ ನನ್ನ ಕೈಲೇ ಬರಸ್ತೀರಿ... ನಾಳೆ ಆ ಹುಡುಗಿ 'ನನ್ನ ಸೋದರಮಾವ ಯಾರಬೇ' ಅಂತ ಕೇಳಿದ್ರ ಏನ್ ಹೇಳ್ಲಿ? ದಂಡ ಬಿದ್ರ ನನ್ನ ಪಗಾರದಾಗ ಹಿಡಕೋರಿ."

ಸಹಿ ಹಾಕಿ ಹೊರಟವರೆಲ್ಲ ಅಲ್ಲೇ ತಿರುಗಿ ನಿಂತರು.

"ಅಂದ್ರ... ಇದು ಬೋನಸ್ ಕಾಗದ ಅಲ್ಲೇನ್ರೀ?" ಎಂದರು ಖಾದರಸಾಬ್.

ಮರುಗಳಿಗೆಯಲ್ಲೇ ಎಲ್ಲರೂ ಮೇಜನ್ನು ಮುತ್ತಿದರು. ನಂದು ಕೊಡ್ರಿ, ನಂದು ಕೊಡ್ರಿ ಎಂದು ಒಂದೇ ಗದ್ದಲ! ಡ್ರೈವರ್ ಒಬ್ಬ ಸಿಟ್ಟಿನಲ್ಲಿ ತನ್ನ ಕಾಗದದ ಬದಲು ಪಕ್ಕದವನದನ್ನು ಹರಿದುಹಾಕಿದ.

ಅದೇ ಹೊತ್ತಿಗೆ ಸಾಹುಕಾರರ ಫೋನ್ ಬಡಿದುಕೊಂಡಿತು... ತಮ್ಮ ಶಿವಯೋಗಿ.

"ಅಣ್ಣಾ, ಸಂಬಂಧಿಕರ ಪಟ್ಟಿಯಾಗ ನನ್ನ ಹೆಸರು ಹಾಕಾಕತ್ತೀಯಂತಲ್ಲ? ನೋಟಿಸ್ ಗೀಟಿಸ್ ಬಂದ್ರ ನನಗ್ಯಾಕ ಬೇಕು ಆ ಉಸಾಬರಿ! ನಮಗ ಸಂಬಂಧ ಇಲ್ಲ ಅಂತ ಸಹಿ ಮಾಡಿ ಈಗ ವಾಟ್ಸಾಪ್ ಮಾಡ್ಲೇನು?"

ಸಾಹುಕಾರರು ಫೋನ್ ಇಟ್ಟರು.

ಎದುರಿಗೆ ಹಾಲವ್ವ ಹಾಗೇ ನಿಂತಿದ್ದಳು. ಅವಳನ್ನು ನೋಡುತ್ತ ನೋಡುತ್ತ ಸಾಹುಕಾರರ ಕಣ್ಣು ತುಂಬಿ ಬಂತು... ಇಂಥವಳಿಗೆ ಗದರಿದೆನಲ್ಲ ಎಂದು ನಾಚಿಕೆಯಾಯಿತು.

ತಾವೇ ಕಂಪ್ಯೂಟರ್ ಮುಂದೆ ಕುಳಿತು ಹೊಸ ಕಾಗದ ಬರೆದರು.

"ನಾವು ರಕ್ತಸಂಬಂಧಿಗಳಲ್ಲ. ಕಾನೂನು ಕೇಳುವ ಸಂಬಂಧ ನಮ್ಮ ನಡುವೆ ಇಲ್ಲ. ಉಳಿದದ್ದೆಲ್ಲ ಇದೆ."

ಮೇಡಂ ಓದಿ ಮೆಲ್ಲಗೆ ಹೇಳಿದರು, "ಸರ್, ಆ ಕೊನೇ ಮಾತು ಇಲಾಖೆಗೆ ಬೇಕಾಗಿಲ್ಲ."

"ಇಲಾಖೆಗೆ ಬ್ಯಾಡ್ರೀ ಮೇಡಂ... ನಮಗ ಬೇಕು."

ಹಾಲವ್ವ ಎಲ್ಲರಿಗಿಂತ ಮೊದಲು ಸಹಿ ಹಾಕಿದಳು. ಈ ಸಲ ಉಳಿದವರೂ ಓದಿಯೇ ಹಾಕಿದರು.

ರಿಪೋರ್ಟ್ ಸಮಯಕ್ಕೆ ಸರಿಯಾಗಿ ಹೋಯಿತು. ಸಂಬಂಧಿಕರು ಎಂಬ ಕಡೆ ಕಾನೂನಿನ ಪ್ರಕಾರ ಒಂದೇ ಒಂದು ಹೆಸರಿತ್ತು... ಶಿವಯೋಗಿ.

*ಸಂಬಂಧ ಇದೆ ಎನ್ನಲು ಎಲ್ಲರೂ ಬರುತ್ತಾರೆ... ಇಲ್ಲ ಎನ್ನಲು ಒಪ್ಪದವರೇ ನಿಜವಾದ ಬಂಧುಗಳು.*

ಇಂಥದೊಂದು ಕಾಗದ ನಾಳೆ ನಿಮ್ಮ ಮುಂದೆ ಬಂದರೆ, ಯಾರ ಹೆಸರು ನೋಡಿ ನೀವು ಸಹಿ ಹಾಕದೆ ನಿಲ್ಲುತ್ತೀರಿ...?