ಎರಡು ಸಾವಿರದ ಇಸವಿಯ ನೀರು

ಜನವರಿ ಒಂದರ ಬೆಳಿಗ್ಗೆ ತಮ್ಮನ ಮನೆಯ ನಲ್ಲಿ ತಿರುಗಿಸಿದರೆ ನೀರು ಎಂದಿನಂತೆ ದಬದಬ ಸುರಿಯಿತು.

“ಎರಡು ಸಾವಿರದ ಇಸವಿ ಬಂದ ತಕ್ಷಣ ಕಂಪ್ಯೂಟರ್ ಕೆಡುತ್ತೆ, ಊರಿಗೆಲ್ಲ ನೀರು ನಿಲ್ಲುತ್ತೆ, ನಮ್ಮನೇಲಿ ದೊಡ್ಡ ತೊಟ್ಟಿ ಇದೆ ಬಾ ಅಂದೆ ನೀನು. ಎಲ್ಲಿ ನಿಂತಿದೆ? ನಾನಿನ್ನು ಹೊರಟೆ,” ಎಂದು ಅಣ್ಣ ಚೀಲ ಎತ್ತಿಕೊಂಡ. ಆರು ವರ್ಷ ಮುಖ ನೋಡದಿದ್ದ ಅಣ್ಣತಮ್ಮಂದಿರಿಗೆ ಸಿಕ್ಕಿದ್ದ ನೆಪ ಅದೊಂದೇ.

ತಮ್ಮ ಹಿತ್ತಿಲಿಗೆ ಹೋದ. ಕಿರ್ರೆಂದು ಸದ್ದಾಯಿತು. ಮೂವತ್ತು ವರ್ಷ ಪ್ಲಂಬರ್ ಆಗಿದ್ದ ಅಣ್ಣನಿಗೆ ಅದು ಮೇನ್ ವಾಲ್ವ್ ಮುಚ್ಚಿದ ಸದ್ದೆಂದು ಯಾರೂ ಹೇಳಬೇಕಿರಲಿಲ್ಲ. ನಲ್ಲಿ ಎರಡು ಹನಿ ತೊಟ್ಟಿಕ್ಕಿ ನಿಂತಿತು.

“ಅಣ್ಣಾ, ನೀರು ನಿಂತೋಯ್ತು ನೋಡು!” ಎನ್ನುತ್ತ ತಮ್ಮ ಏದುಸಿರು ಬಿಡುತ್ತ ಬಂದ. ಅವನ ಅಂಗೈಗೆ ತುಕ್ಕು ಮೆತ್ತಿತ್ತು.

ಅಣ್ಣ ಚೀಲ ಕೆಳಗಿಟ್ಟ. “ಕಂಪ್ಯೂಟರೇ ಕೆಟ್ಟಿರ್ಬೇಕು ಕಣೋ. ಸರಿಹೋಗೋಕೆ ಒಂದು ವಾರ ಹಿಡಿಯುತ್ತೆ.”