ತೂಗುಮಣೆಯ ಆ ತುದಿ

ತಪ್ಪೆಲ್ಲ ತೂಗುಮಣೆಯದೇ ಎಂದು ಪಕ್ಕದ ಮನೆಯ ಹರಸುಖಭಾಯಿ ತೀರ್ಪು ಕೊಟ್ಟಾಗ ಮೊದಲು ತಲೆಯಾಡಿಸಿದವಳು ರಮಾಮಣಿಯೇ. ಗಂಡನ ಸಿಗರೇಟು ಬಿಡಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಏಲಕ್ಕಿ ಕೊಟ್ಟಳು, ಹಯವದನರಾಯರು ಏಲಕ್ಕಿಯನ್ನೂ ಅಗಿದರು, ಸಿಗರೇಟನ್ನೂ ಸೇದಿದರು. ಹರಸುಖಭಾಯಿಯ ಹೆಂಡತಿ ಜಸುಬೆನ್ ಹುರಿದ ಸೋಂಪು ಕಳಿಸಿದಳು. ಅದರಿಂದ ಊಟವಾದ ಮೇಲಿನ ಸಿಗರೇಟಿಗೆ ಇನ್ನಷ್ಟು ರುಚಿ ಬಂತು. ಮಂತ್ರಾಲಯದ ಗುರುಗಳ ಮೇಲೆ ಆಣೆ ಇಡಿ ಎಂದರೆ, "ಇಂಥ ಚಿಲ್ಲರೆ ಕೆಲಸಕ್ಕೆಲ್ಲ ಗುರುಗಳನ್ನ ಕರೀಬಾರದು ಕಣೆ" ಎಂದು ನಕ್ಕುಬಿಟ್ಟರು. ಇತ್ತ ಡಾಕ್ಟರು, "ಇದನ್ನ ಬಿಡಿ, ಇಲ್ಲ ನನ್ನನ್ನ ಬಿಡಿ" ಎಂದಿದ್ದರು. ಕೆಮ್ಮು ಹತ್ತಿದಾಗ ಗಂಡನ ಬೆನ್ನು ನೀವುತ್ತ ಕೂರುವ ಅವಳಿಗೆ ಜೀವ ಕೈಯಲ್ಲಿ ಹಿಡಿದಂತಾಗುತ್ತಿತ್ತು.

"ನೋಡಿ ಬೆನ್," ಎಂದರು ಹರಸುಖಭಾಯಿ, ರಮಾಮಣಿಗೆ ಅರ್ಥವಾಗಲೆಂದು ನಿಧಾನವಾದ ಹಿಂದಿಯಲ್ಲಿ. "ಆಫೀಸಿನಲ್ಲಿ ಸೇದೋದನ್ನ ಅವರು ಬಿಟ್ಟಾಯ್ತು. ಉಳಿದದ್ದು ಊಟವಾದ ಮೇಲಿನದು. ಉಂಡರು, ತೂಗುಮಣೆ ಮೇಲೆ ಕೂತರು, ಕೈ ತಾನಾಗೇ ಜೇಬಿಗೆ ಹೋಯ್ತು. ಅಲ್ಲಿ ಕೂರೋದನ್ನೇ ತಪ್ಪಿಸಿ. ಕೈ ತೊಳೆದ ಕೂಡಲೇ ನನ್ನ ಜೊತೆ ಕಳಿಸಿ. ಸುರ್‌ಸಾಗರ ಕೆರೆ ಸುತ್ತ ಒಂದು ನಡಿಗೆ, ಆಮೇಲೆ ನಮ್ಮ ಮನೆಯಲ್ಲಿ ಚದುರಂಗ. ನಾನು ಬೀಡಿ ಬಿಟ್ಟಿದ್ದೇ ಹೀಗೆ."

ಮದ್ದು ನಾಟಿತು. ಕೆಮ್ಮು ನಿಂತಿತು, ರಾಯರ ಕೆನ್ನೆ ತುಂಬಿತು, ಚದುರಂಗದ ಹುಚ್ಚು ನೆತ್ತಿಗೇರಿತು. ರಮಾಮಣಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇದೆಲ್ಲ ಆದ ಮೇಲೇ ಅವಳಿಗೆ ಮನೆಯ ಸದ್ದು ಅಡಗಿರುವುದು ಗೊತ್ತಾದದ್ದು.

ಗುಜರಾತು ಹೊಸ ರಾಜ್ಯವಾದ ವರ್ಷವೇ ರೈಲ್ವೆಯವರು ರಾಯರನ್ನು ಬರೋಡಕ್ಕೆ ವರ್ಗ ಮಾಡಿದ್ದರು. ಮಕ್ಕಳಿಲ್ಲ. ಅವಳ ಗುಜರಾತಿ ಹೇಗಿದ್ದೀರಿ ಎಂದು ಕೇಳುವ 'ಕೇಮ್ ಛೋ' ದಾಟಿ ಮುಂದೆ ಹೋಗಿರಲಿಲ್ಲ. ರಾಯರೋ ಮೊದಲಿಂದಲೂ ಮಾತಿನ ಬಡವರು. ಬೆಳಿಗ್ಗೆ ಪೇಪರು, ಸಂಜೆ ಫೈಲು, ಊಟಕ್ಕೆ ಕೂತರೆ ಎಲೆಯೊಂದೇ ಲೋಕ. ಬಾಡಿಗೆ ಮನೆಯ ಜೊತೆಗೇ ಬಂದ ಆ ತೂಗುಮಣೆಯ ಮೇಲೆ ಕೂತು ಸಿಗರೇಟು ಹಚ್ಚಿದರೆ ಮಾತ್ರ ಹೊಗೆಯ ಹಿಂದೆಯೇ ಮಾತು ಹೊರಡುತ್ತಿತ್ತು. ಹೆಡ್ ಕ್ಲಾರ್ಕು ಟೋಪಿ ಕಳೆದುಕೊಂಡದ್ದು, ತಾವು ಹುಡುಗರಾಗಿದ್ದಾಗ ನಂಜನಗೂಡಿನ ಹೊಳೆಯಲ್ಲಿ ಮುಳುಗಿ ಎದ್ದದ್ದು, ಸಾರಿಗೆ ಉಪ್ಪು ಮುಂದಾದದ್ದು, ಎಲ್ಲ ಆಗಲೇ. ರಮಾಮಣಿ ಈ ತುದಿಯಲ್ಲಿ ಕೂತು, ಮೂಗಿಗೆ ಸೆರಗು ಹಿಡಿದು, ಬೈಯುತ್ತಲೇ ಕೇಳುತ್ತಿದ್ದಳು. ದಿನವೆಲ್ಲ ಅವಳು ಕಾಯುತ್ತಿದ್ದದ್ದು ಆ ಒಂದು ಸಿಗರೇಟಿಗಾಗಿ. ಅದನ್ನೇ ಅವಳು ಬೇಡಿ, ಹರಕೆ ಹೊತ್ತು, ಕೈಯಾರೆ ಬಿಡಿಸಿದ್ದಳು.

ಅಂದು ಊಟವಾಯಿತು. ರಾಯರು ಕೈ ಒರೆಸಿಕೊಳ್ಳುತ್ತ ಚಪ್ಪಲಿ ಹುಡುಕಿದರು.

"ಇವತ್ತು ಒಂದು ಗಳಿಗೆ ಕೂತ್ಕೊಳ್ಳಿ," ಎಂದಳು.

"ಅಲ್ಲಿ ಕೂರಬಾರದು ಅಂತ ನೀನೇ ಅಲ್ವೇನೆ ಕಟ್ಟು ಮಾಡಿದ್ದು? ಕೂತರೆ ಕೈ ಸುಮ್ಮನಿರಲ್ಲ."

"ಹಾಗಾದ್ರೆ ನಾನೂ ಕೆರೆ ಹತ್ತಿರ ಬರ್ತೀನಿ."

"ಗಂಡಸರ ಗುಂಪು ಕಣೆ ಅದು. ನೀನು ಬಂದು ಏನು ಮಾಡ್ತೀ?" ಎಂದು ಪ್ರೀತಿಯಿಂದಲೇ ಹೇಳಿ ಅವರು ಮೆಟ್ಟಿಲಿಳಿದರು.

ಅವಳು ಅಡಿಗೆಮನೆಗೆ ಹೋದಳು. ಹುಣಿಸೆಹಣ್ಣಿನ ಜಾಡಿಯ ಹಿಂದೆ ತಾನೇ ಬಚ್ಚಿಟ್ಟಿದ್ದ ಪ್ಯಾಕಿನಿಂದ ಒಂದು ಸಿಗರೇಟು ತೆಗೆದಳು. ಸೇದದೆ ಹಚ್ಚುವುದು ಹೇಗೆಂದು ತಿಳಿಯದೆ ಊದುಬತ್ತಿಯ ಹಾಗೆ ದೀಪಕ್ಕೆ ಹಿಡಿದಳು. ಬೆರಳು ಚುರ್ರೆಂದಿತು, ತುದಿ ಹೊತ್ತಿಕೊಂಡಿತು. ರಾಯರು ಬೂದಿ ಕೊಡವುತ್ತಿದ್ದ ತೆಂಗಿನ ಕರಟದಲ್ಲಿ ಅದನ್ನಿಟ್ಟು, ಕರಟವನ್ನು ತೂಗುಮಣೆಯ ಆ ತುದಿಗೆ ಇಟ್ಟು, ತಾನು ಈ ತುದಿಗೆ ಕೂತಳು. ಕಾಲ್ಬೆರಳಿನಿಂದ ಮೆಲ್ಲಗೆ ಮೀಟಿದಳು. ಸರಪಳಿ ಕಿರುಗುಟ್ಟಿತು, ಹೊಗೆ ಹಳೆಯ ದಾರಿಯಲ್ಲೇ ಅವಳ ಮುಖಕ್ಕೆ ಬಂತು. ಅಭ್ಯಾಸದಂತೆ ಮೂಗಿಗೆ ಸೆರಗು ಹಿಡಿಯಹೋದವಳು ಹಿಡಿಯಲಿಲ್ಲ.

"ಸಾರಿಗೆ ಇವತ್ತು ಉಪ್ಪು ಮುಂದಾಗಿತ್ತು," ಎಂದಳು ಆ ತುದಿಯತ್ತ ತಿರುಗಿ. "ನೀವು ಹೇಳಲೇ ಇಲ್ಲ." ಆಮೇಲೆ ಜಸುಬೆನ್ ಕಲಿಸಿದ ಒಗ್ಗರಣೆಯ ಸುದ್ದಿ ಹೇಳಿದಳು, ತಂಗಿ ಗಿರಿಜಾಳ ಕನಸು ಬಿದ್ದದ್ದನ್ನು ಹೇಳಿದಳು. ಕಣ್ಣು ತುಂಬಿ ಬಂದಾಗ ತಪ್ಪನ್ನು ಹೊಗೆಯ ಮೇಲೆ ಹಾಕಿದಳು. ಸಿಗರೇಟು ಪೂರ್ತಿ ಉರಿದು ಬೂದಿಯಾದರೂ ಅವಳ ಮಾತು ಮುಗಿದಿರಲಿಲ್ಲ.

ಹರಸುಖಭಾಯಿಯ ಮನೆಗೆ ನೆಂಟರು ಬಂದಿದ್ದರಿಂದ ಅಂದು ಚದುರಂಗ ನಡೆಯಲಿಲ್ಲ. ಬೇಗ ಹಿಂದಿರುಗಿದ ರಾಯರು ಬಾಗಿಲಲ್ಲೇ ನಿಂತು ಮೂಗರಳಿಸಿದರು. ಕರಟ ನೋಡಿದರು, ಹೆಂಡತಿಯ ಮುಖ ನೋಡಿದರು.

"ಯಾರೇ ಬಂದಿದ್ದೋರು?"

ರಮಾಮಣಿ ತೂಗುಮಣೆಯನ್ನು ಕಾಲಿನಿಂದ ನಿಲ್ಲಿಸಿದಳು.

"ನೀವು ಬಂದಿದ್ರಿ," ಎಂದಳು. "ಈಗ ತಾನೆ ಎದ್ದು ಹೋದಿರಿ."