ನಾಲ್ಕನೆಯ ಚೌಕ

ಅರವತ್ತೊಂದನೆಯ ಪ್ರಶ್ನಾವಳಿಯನ್ನು ಕಂಪ್ಯೂಟರು ಮೂರನೇ ಸಲವೂ ತಿರಸ್ಕರಿಸಿತು. ‘ನೀವು ಹೇಗೆ ಕಲಿಯುತ್ತೀರಿ?’ ಎಂಬ ಪ್ರಶ್ನೆಗೆ ನೋಡಿ, ಕೇಳಿ, ಮಾಡಿ ಎಂದು ಮೂರೇ ಚೌಕಗಳು. ಜೀವಿತಾ ಎಂಬ ಹುಡುಗಿ ಮೂರನ್ನೂ ಬಿಟ್ಟು ಪಕ್ಕದಲ್ಲಿ ‘ನಿಂತು’ ಎಂದು ಬರೆದಿದ್ದಳು. ಕಲಿಯುವ ಶೈಲಿಗೂ ಬರುವ ಅಂಕಗಳಿಗೂ ಇರುವ ಸಂಬಂಧದ ವರದಿ ಸಂಜೆಯೊಳಗೆ ಹೋಗಬೇಕು. ಕೊಚ್ಚಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ಇಂದುಮತಿ ಐದು ದಿನದಿಂದ ಸಂಬಂಧ ಹುಡುಕಿ ಹುಡುಕಿ, ಮದುವೆ ದಲ್ಲಾಳಿಯಂತೆ ಸೋತಿದ್ದರು.

ಅಷ್ಟರಲ್ಲಿ ಜೀವಿತಾಳೇ ಬಂದಳು, ಮರುಪರೀಕ್ಷೆಗೆ. ಎರಡು ಸಲ ಉತ್ತರಪತ್ರಿಕೆಯ ಮೇಲೆಯೇ ತಲೆಯಿಟ್ಟು ನಿದ್ದೆಹೋದವಳು. ಇದು ಕೊನೆಯ ಅವಕಾಶ, ಐವತ್ತಕ್ಕೆ ಇಪ್ಪತ್ತು ಬಾರದಿದ್ದರೆ ಒಂದು ವರ್ಷವೇ ಹೋಯಿತು.

“ಏನಮ್ಮಾ ಇದು, ನಿಂತು ಅಂದ್ರೆ? ತಮಾಷೆನಾ?” ಇಂದುಮತಿಯವರದು ಮೈಸೂರು.

“ಕೂತ್ರೆ ನಿದ್ದೆ ಬರ್ತದೆ ಟೀಚರ್.” ಅವಳದು ಕಾಸರಗೋಡು. ಕಾಲೇಜು ಬಿಟ್ಟಮೇಲೆ ಎಡಪ್ಪಳ್ಳಿಯ ಸೀರೆ ಅಂಗಡಿಯಲ್ಲಿ ಕೆಲಸ. ಸೀರೆಯ ಮಡಿಕೆಯೊಳಗೆ ನೋಟ್ಸು. ಗಿರಾಕಿ ಇಲ್ಲದಾಗ ಓದು.

“ಅಂಗಡೀಲಿ ಸ್ಟೂಲ್ ಇಡ್ಬೇಕು ಅಂತ ಕಾನೂನೇ ಇದೆಯಲ್ಲ?”

“ಸ್ಟೂಲ್ ಉಂಟು ಟೀಚರ್. ಕೂತವರು ಇಲ್ಲ.”

ವಾದಿಸುವ ತ್ರಾಣ ಇಂದುಮತಿಗಿರಲಿಲ್ಲ. ಖಾಲಿ ತರಗತಿಗೆ ಕರೆದೊಯ್ದು, ಪಾಠ ಹೇಳುವಾಗ ತಾವು ಪುಸ್ತಕವಿಡುವ ಎತ್ತರದ ಪೀಠ ತೋರಿಸಿದರು. “ಅಲ್ಲೇ ನಿಂತ್ಕೊಂಡು ಬರಿ. ಈಗ ಒಂದೂವರೆ, ಮೂರೂವರೆ ತನಕ ಟೈಮು.” ಕಾವಲಿಗೆಂದು ತಾವು ಕುರ್ಚಿಯಲ್ಲಿ ಕೂತರು. ಮೇಲೆ ಫ್ಯಾನು ಒಂದೇ ಸಮನೆ ಗೊಣಗುತ್ತಿತ್ತು.

“ಟೀಚರ್... ಟೀಚರ್.”

ಇಂದುಮತಿ ಕಣ್ಣು ಬಿಟ್ಟರೆ ಮೂರೂವರೆ. ಜೀವಿತಾ ಹೆಗಲಿಗೆ ಚೀಲ ಏರಿಸಿ, ಉತ್ತರಪತ್ರಿಕೆ ಹಿಡಿದು ನಿಂತಿದ್ದಳು. “ನನ್ನದು ಆಗಲೇ ಮುಗಿದಿತ್ತು. ಬಸ್ಸಿಗೆ ಹೊತ್ತಾಯಿತು, ಅದಕ್ಕೆ ಎಬ್ಬಿಸಿದೆ.”

ಇಂದುಮತಿ ಸೆರಗು ಸರಿಪಡಿಸಿಕೊಂಡು ಕೆಂಪು ಪೆನ್ನು ತೆಗೆದರು. ಅಲ್ಲೇ ತಿದ್ದಿದರು, ಎರಡೆರಡು ಸಲ ಕೂಡಿದರು. ಇಪ್ಪತ್ತಾರು. ಪುಸ್ತಕ ನೋಡಿ ಬರೆದಿದ್ದರೆ ನಲವತ್ತು ದಾಟುತ್ತಿತ್ತು, ಸ್ವಂತದ್ದೇ, ಸಂಶಯವಿಲ್ಲ.

“ಪಾಸಾದೆ, ಹೋಗು,” ಎಂದವರು, ಅವಳು ಬಾಗಿಲು ಮುಟ್ಟುವಷ್ಟರಲ್ಲಿ ದನಿ ತಗ್ಗಿಸಿದರು. “ಯಾರಿಗೂ ಹೇಳ್ಬೇಡಮ್ಮಾ, ನಾನು ಹೀಗೆ...”

“ಇಲ್ಲ ಟೀಚರ್.” ಜೀವಿತಾ ಹಿರಿಯಳಂತೆ ಸಮಾಧಾನ ಹೇಳಿದಳು. “ಕೂತ್ರೆ ಹಾಗೆಯೇ.”